ಬಿಸಿಲಿಗೆ ಹಾಕಿದ ರೀಲು

ಬಾಗಲಗುಂಟೆಯ ಕರಿಬಸಪ್ಪನವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಎರಡೂವರೆಗೆಲ್ಲ ಕತ್ತಲಾಗುತ್ತಿತ್ತು. ನಡುಮನೆಯ ಎರಡು ಕಿಟಕಿಗೂ ಕರಿ ಕಂಬಳಿ, ಬಾಗಿಲ ಸಂದಿಗೆ ಹಳೆಯ ದುಪ್ಪಟಿ, ಎದುರುಗೋಡೆಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ. ಗೋಡೆಯ ಪಂಚೆಯಲ್ಲಿ ಒಂದು ಸುಕ್ಕು ಕಂಡರೂ ಯಜಮಾನರು ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿಯುತ್ತಿದ್ದರು. ಉಟ್ಟ ಪಂಚೆ ಹೇಗಿದ್ದರೂ ನಡೆಯುತ್ತಿತ್ತು.

ಕೇಬಲ್ ಟೀವಿ ಬಂದು ಮನೆಮನೆಯಲ್ಲೂ ಬಣ್ಣದ ಸಿನಿಮಾ ಕುಣಿಯುತ್ತಿದ್ದ ತೊಂಬತ್ತೇಳನೇ ಇಸವಿಯಲ್ಲಿ ಈ ಮನುಷ್ಯ ತೋರಿಸುತ್ತಿದ್ದದ್ದು ಬೆರಳಗಲವೂ ಇಲ್ಲದ ಎಂಟು ಮಿಲಿಮೀಟರಿನ ಮೂಕ ಫಿಲಮ್ಮು. ಅದರಲ್ಲಿ ಕಥೆಯೂ ಇಲ್ಲ, ಹಾಡೂ ಇಲ್ಲ. ಮಲ್ಲೇಶ್ವರದ ಯಾವುದೋ ಬಂಗಲೆಯ ಮಗುವಿನ ಹುಟ್ಟುಹಬ್ಬ, ಗುರುತಿಲ್ಲದ ಯಾರೋ ನಂದಿಬೆಟ್ಟದಲ್ಲಿ ಕಿತ್ತಳೆ ಸುಲಿಯುವುದು, ಯಾವುದೋ ಸ್ಕೂಲಿನ ಮಕ್ಕಳ ಓಟದ ಪಂದ್ಯ. ಉಳ್ಳವರು ತಮ್ಮ ಖುಷಿಗೆ ತೆಗೆದು, ಬೇಜಾರಾದಾಗ ಗುಜರಿಗೆ ಎಸೆದದ್ದನ್ನು ಕರಿಬಸಪ್ಪನವರು ಆರಿಸಿ ತಂದು, ಹರಿದಲ್ಲಿ ಅಂಟಿಸಿ, ಒರೆಸಿ, ಡಬ್ಬಿಯ ಮೇಲೆ ಹೆಸರು ಬರೆದು ಇಡುತ್ತಿದ್ದರು. ಅಂಥ ಡಬ್ಬಿ ಇನ್ನೂರರ ಮೇಲಿದ್ದವು. ಮಗನ ಮದುವೆಗೆ ಮೊದಲು ಅವಕ್ಕೊಂದು ಕೋಣೆಯೇ ಇತ್ತು. ಸೊಸೆ ಬಂದ ಮೇಲೆ ಅಡುಗೆಮನೆಯ ಅಟ್ಟಕ್ಕೆ ಏರಿ, ಜೋಳದ ಡಬ್ಬಿಗಳ ಪಕ್ಕದಲ್ಲಿ ಕೂತವು.

ಕರಿಬಸಪ್ಪನವರು ಹರಿಹರದ ಕಡೆಯವರು. ಪೀಣ್ಯ ಎರಡನೇ ಹಂತದ ಗೇರ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು, ಫೋರ್‌ಮನ್ ಆಗಿ ನಾಲ್ಕು ವರ್ಷದ ಹಿಂದೆ ರಿಟೈರ್ ಆದವರು. ಅವರ ಕೈ ನಡುಗುವುದಿಲ್ಲ ಎಂದು ಹಳೆಯ ಮಾಲೀಕರು ತಮ್ಮ ಪುಟ್ಟ ಸಿನಿಮಾ ಕ್ಯಾಮೆರಾವನ್ನು ಪ್ರತಿ ಆಯುಧಪೂಜೆಗೂ ಅವರ ಕೈಗೆ ಕೊಡುತ್ತಿದ್ದರು. ಹುಚ್ಚು ಹಿಡಿದದ್ದು ಅಲ್ಲಿಂದ. ಮಗ ವಿನಾಯಕನಿಗೂ ಅದೇ ಫ್ಯಾಕ್ಟರಿಯ ಪರ್ಸನಲ್ ವಿಭಾಗದಲ್ಲಿ ಕೆಲಸ. ಅಪ್ಪನ ಹೆಸರಿನ ಮೇಲೆ ಸಿಕ್ಕ ಕೆಲಸ, ಅಪ್ಪ ಅದನ್ನು ವರ್ಷಕ್ಕೆ ನಾಲ್ಕು ಸಲವಾದರೂ ನೆನಪಿಸುತ್ತಿದ್ದರು.

ಹೆಂಡತಿ ಮಹಾಂತಮ್ಮ ಈ ಹುಚ್ಚನ್ನು ಬೈಯುತ್ತಲೇ ಸಾಕಿದವರು. ಭಾನುವಾರ ನೋಡಲು ಬಂದ ನಾಲ್ಕು ಜನಕ್ಕೆ ಮಂಡಕ್ಕಿ, ಮಿರ್ಚಿ ಮಾಡುವವರು ಅವರೇ. ಕಂಬಳಿ ಕಟ್ಟುವವರೂ ಅವರೇ. ಸೊಸೆ ಸೌಮ್ಯಾ ಬಂದ ಹೊಸದರಲ್ಲಿ ಒಮ್ಮೆ ಅಟ್ಟ ಗುಡಿಸುವಾಗ ಬಿಚ್ಚಿಕೊಂಡ ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಿದ್ದಳು.

"ಬಿಡೇ, ಬಿಡೇ. ಅದಕ್ಕೆ ನೀರು ತಾಗಿಸಬಾರದು," ಎಂದು ಮಹಾಂತಮ್ಮ ಕೈಯಿಂದ ಕಿತ್ತುಕೊಂಡಿದ್ದರು. "ನೀರು ಬಿದ್ರೆ ಚಿತ್ರ ಕಿತ್ತು ಬರ್ತೈತೆ. ಒಣಬಟ್ಟೆ, ಅದೂ ಹತ್ತಿ ಬಟ್ಟೆ. ಇದನ್ನ ನೋಡ್ಕೊಳ್ಳೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು, ನೋಡು."

ಡಬ್ಬಿಗಳು ಬರುತ್ತಿದ್ದದ್ದು ಚಿಕ್ಕಬಾಣಾವರ ರಸ್ತೆಯ ಆವಲಪ್ಪನ ಗುಜರಿಯಿಂದ. ಅಲ್ಲಿ ಹನುಮವ್ವ ಎಂಬ ರಾಯಚೂರು ಕಡೆಯ ಹೆಂಗಸು ಫಿಲಂ ತೊಳೆಯುವ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಯ ಎಕ್ಸ್‌ರೇ, ಸ್ಟುಡಿಯೋದ ನೆಗೆಟಿವ್, ಹಳೆಯ ಸಿನಿಮಾ ರೀಲು, ಎಲ್ಲ ಒಂದೇ ತೊಟ್ಟಿಗೆ. ಚಿತ್ರದೊಳಗಿನ ಬೆಳ್ಳಿ ಒಬ್ಬರಿಗೆ ಮಾರಾಟ, ಬೋಳಾದ ಪಟ್ಟಿ ಬಳೆ ಮಾಡುವವರಿಗೆ ಮಾರಾಟ. ದುಂಡನೆಯ ಡಬ್ಬಿ ಕಂಡರೆ ಮಾತ್ರ ಅವಳು ಮಾಲೀಕನ ಕಣ್ಣು ತಪ್ಪಿಸಿ ಕರಿಬಸಪ್ಪನವರಿಗೆಂದು ಗೋಣಿಯ ಕೆಳಗೆ ಇಡುತ್ತಿದ್ದಳು. ತಂದುಕೊಟ್ಟ ದಿನ ಹಿತ್ತಿಲಲ್ಲಿ ಕೂತು ಚಹಾ ಕುಡಿಯುತ್ತ ಮಹಾಂತಮ್ಮನಿಗೆ ತನ್ನ ಕೆಲಸದ ಕಷ್ಟ ಹೇಳಿಕೊಳ್ಳುತ್ತಿದ್ದಳು.

"ಬರೇ ನೀರಿಗಿ ಅದು ಜಗ್ಗಂಗಿಲ್ರಿ ಅಮ್ಮ. ಕುದಿಯೋ ನೀರಿಗಿ ಒಂದ್ ಮುಟಗಿ ಬಟ್ಟಿ ಸೋಡಾ ಒಗೀಬೇಕು. ಅರ್ಧ ತಾಸು ನೆನದ ಮ್ಯಾಲ ಹೆಬ್ಬಟ್ಟಿಲೆ ತಿಕ್ಕಿದ್ರ ಹಾಲಿನ ಕೆನಿ ಬಂದಂಗ ಬರ್ತೈತಿ. ನನ್ನ ಕೈ ನೋಡ್ರಿ ಹ್ಯಾಂಗ್ ಆಗ್ಯಾವ."

ಮಹಾಂತಮ್ಮ ಆ ಕೈ ನೋಡಿ ಅಯ್ಯೋ ಎಂದು, ಸವರಿಕೊಳ್ಳಲು ಕೊಬ್ಬರಿ ಎಣ್ಣೆ ಕೊಟ್ಟಿದ್ದರು.

ಆ ವರ್ಷ ಫ್ಯಾಕ್ಟರಿ ಪೀಣ್ಯದ ಶೆಡ್ ಖಾಲಿ ಮಾಡಿ ಮಾದನಾಯಕನಹಳ್ಳಿಯ ಆಚೆಗೆ ಹೊರಟಿತು. ಗೋಡೌನಿನ ಕಸವೆಲ್ಲ ಗುಜರಿಗೆ ಬಂತು. ಕಸದ ಜೊತೆ ಮೂರು ದುಂಡನೆಯ ಡಬ್ಬಿ, ಅವುಗಳಲ್ಲಿ ಎರಡು ಖಾಲಿ. ಫೆಬ್ರವರಿಯ ಒಂದು ಭಾನುವಾರ ಹನುಮವ್ವ ಅವನ್ನು ಸೆರಗಲ್ಲಿ ಮುಚ್ಚಿಕೊಂಡು ತಂದಳು. ಗಂಡ ಮರೆಪ್ಪನನ್ನೂ ಕರೆತಂದಿದ್ದಳು. ಅವನೂ ಅದೇ ಫ್ಯಾಕ್ಟರಿಯ ಆಳು. ಅಷ್ಟು ವರ್ಷ ಫೋರ್‌ಮನ್ ಸಾಹೇಬರ ಕೈಕೆಳಗೆ ಕೆಲಸ ಮಾಡಿದವನು, ಅವರ ಮನೆಯ ನಡುಮನೆಯಲ್ಲಿ ಕೂತದ್ದು ಅಂದೇ ಮೊದಲು. ಗೋಡೆಗೆ ಬೆನ್ನು ತಾಗಿಸದೆ ಕೂತಿದ್ದ.

ಪ್ರೊಜೆಕ್ಟರು ಟರಟರ ಎಂದಿತು. ಪಂಚೆಯ ಮೇಲೆ ಮೊದಲು ಒಂದು ಸ್ಲೇಟು ಬಂತು. ಸೀಮೆಸುಣ್ಣದಲ್ಲಿ, ಕರಿಬಸಪ್ಪನವರದೇ ಅಕ್ಷರದಲ್ಲಿ, ಆಯುಧಪೂಜೆ ೧೯೭೯. ಆಮೇಲೆ ಹಾರ ಹಾಕಿಸಿಕೊಂಡ ಮಿಷನ್ನುಗಳು ಸಾಲಾಗಿ ಬಂದವು. ಆ ಫ್ಯಾಕ್ಟರಿಯಲ್ಲಿ ಒಂದು ಕಟ್ಟಳೆ ಇತ್ತು. ಮಿಷನ್ನಿಗೆ ಪೂಜೆ ಮಾಡುವವನು ಅದನ್ನು ಓಡಿಸುವವನೇ. ಮಾಲೀಕನ ಮಗನೂ ಬೇರೆಯವನ ಮಿಷನ್ನಿಗೆ ಕುಂಕುಮ ಹಚ್ಚುವಂತಿರಲಿಲ್ಲ. ಏಳನೇ ನಂಬರಿನ ಲೇತಿನ ಮುಂದೆ ಮೀಸೆ ಬಿಟ್ಟ ಒಬ್ಬ ಸಣಕಲು ಹುಡುಗ, ಕಂಪನಿಯ ನೀಲಿ ಅಂಗಿ ತೊಟ್ಟವನು, ಆರತಿ ಎತ್ತಿ, ಬೂದುಗುಂಬಳ ಇಳಿ ತೆಗೆದು ನೆಲಕ್ಕೆ ಅಪ್ಪಳಿಸಿ, ಕ್ಯಾಮೆರಾ ನೋಡಿ ನಕ್ಕ.

ಮರೆಪ್ಪ ಎದ್ದು ನಿಂತ. ಅವನ ತಲೆಯ ನೆರಳು ಪಂಚೆಯ ತುಂಬ ಬಿತ್ತು.

"ಕುಂದರ್ರಿ, ನಿಮ್ಮ ತೆಲಿ ಅಡ್ಡ ಬರ್ತೈತಿ," ಎಂದು ಹನುಮವ್ವ ಅವನು ಉಟ್ಟ ಪಂಚೆ ಹಿಡಿದೆಳೆದಳು. "ಯಾರದು ಆ ಮೀಸಿ?"

"ಅದು ನಾನು," ಎಂದ ಮರೆಪ್ಪ.

ರೀಲು ಇದ್ದದ್ದು ಮೂರು ನಿಮಿಷ. ಅಂದು ಅದನ್ನು ನಾಲ್ಕು ಸಲ ಓಡಿಸಿದರು. ಮಿರ್ಚಿ ಆರಿತು. ಸೌಮ್ಯಾ ಕೂಡ ಅಡುಗೆಮನೆಯಿಂದ ಬಂದು ನಿಂತು ನೋಡಿದಳು. ಕಂಬಳಿ ತೆಗೆದು ಬೆಳಕು ಬಂದ ಮೇಲೆ ಮರೆಪ್ಪ ತನ್ನ ಸಂಗತಿ ಹೇಳಿದ. ಫ್ಯಾಕ್ಟರಿ ಊರಾಚೆ ಹೋಗುವಾಗ ಹಳಬರಿಗೆ ಸೇವೆಯ ವರ್ಷ ನೋಡಿ ಪರಿಹಾರ ಕೊಟ್ಟು ಕಳಿಸುತ್ತಿತ್ತು. ಮರೆಪ್ಪನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಅವನು ಎಂಬತ್ತೊಂಬತ್ತರಲ್ಲಿ ಗುತ್ತಿಗೆದಾರನ ಕಡೆಯಿಂದ ಬಂದ ಲೋಡು ಹೊರುವವನು, ಮಿಷನ್ ಮುಟ್ಟಿದವನೇ ಅಲ್ಲ ಎಂದು ಬರೆದುಕೊಟ್ಟಿದ್ದರು. ಗುತ್ತಿಗೆದಾರ ಸತ್ತಿದ್ದ. ಗೇಟ್ ಪಾಸುಗಳು ಅವನ ಜೊತೆಗೇ ಹೋಗಿದ್ದವು. ಲೇಬರ್ ಕೋರ್ಟಿನಲ್ಲಿ ಕೇಸು ಹಾಕಿದ್ದ. ಗೆದ್ದರೆ ಊರಿಗೆ ಹೋಗಿ ಒಂದು ಹಿಟ್ಟಿನ ಗಿರಣಿ ಹಾಕುವ ಆಸೆ. ಸೋತರೆ ನಲವತ್ತೈದು ದಾಟಿದ ವಯಸ್ಸಿನಲ್ಲಿ ಇಟ್ಟಿಗೆ ಹೊರುವುದು.

ಕರಿಬಸಪ್ಪನವರಿಗೆ ಹುರುಪು ಬಂತು. ಮೂವತ್ತು ವರ್ಷದಿಂದ ಮನೆಯವರು ನಿಷ್ಪ್ರಯೋಜಕ ಎಂದದ್ದು ಅಂದು ಪ್ರಯೋಜನಕ್ಕೆ ಬಂದಿತ್ತು.

"ಈ ರೀಲು ಇರೋವರ್ಗೂ ನಿನ್ನ ಯಾರೂ ಅಳಿಸೋಕಾಗಲ್ಲ ಕಣೋ ಮರೆಪ್ಪ," ಎಂದರು. "ನಾನ್ ಮಾತು ಕೊಡ್ತೀನಿ. ಕೋರ್ಟಿಗೆ ನಾನೇ ತಂದು ತೋರಿಸ್ತೀನಿ."

ಮರೆಪ್ಪ ಕಾಲು ಮುಟ್ಟಲು ಬಗ್ಗಿದ. ಅವರು ಬೇಡ ಬೇಡ ಎನ್ನುತ್ತಲೇ ಮುಟ್ಟಿಸಿಕೊಂಡರು.

*

ಮಾರ್ಚ್ ಕೊನೆಯ ವಾರ ಮರೆಪ್ಪನ ಲಾಯರ್ ಆಂಜಿನಪ್ಪ ಕೋರ್ಟಿಗೆ ಒಂದು ಅರ್ಜಿ ಹಾಕಿದರು. ನಿವೃತ್ತ ಫೋರ್‌ಮನ್ ಕರಿಬಸಪ್ಪ ಎಂಬುವರ ವಶದಲ್ಲಿರುವ ಚಲನಚಿತ್ರ ಸುರುಳಿಯನ್ನು ಸಾಕ್ಷಿಯಾಗಿ ಹಾಜರುಪಡಿಸುತ್ತೇವೆ ಎಂದು. ಅದರ ಪ್ರತಿ ಫ್ಯಾಕ್ಟರಿಗೆ ಹೋಯಿತು. ಫ್ಯಾಕ್ಟರಿಯಲ್ಲಿ ಕೋರ್ಟಿನ ಟಪಾಲು ಒಡೆದು ಓದಿ, ನಂಬರ್ ಹಾಕಿ ಮೇಲಕ್ಕೆ ಕಳಿಸುವವನು ವಿನಾಯಕ. ಅಪ್ಪನ ಹೆಸರನ್ನು ಮಗನೇ ತನ್ನ ಕೈಯಾರೆ ರಿಜಿಸ್ಟರಿನಲ್ಲಿ ಬರೆದ.

ಅಂದು ಸಂಜೆ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ ಇತ್ತು. ವಿನಾಯಕ ಒಂದು ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡಿದ.

"ಅಪ್ಪಾಜಿ, ಜಿಎಂ ಇವತ್ತು ಕರೆಸಿದ್ರು," ಎಂದ.

"ಏನಂತೆ?"

"ಏನಿಲ್ಲ. ನಿಮ್ಮ ತಂದೆಯವ್ರು ಸಿನಿಮಾ ಎಲ್ಲಾ ಇಟ್ಕೊಂಡಿದಾರಂತೆ, ಒಳ್ಳೆ ಹವ್ಯಾಸ ಅಂದ್ರು."

"ಹೌದಲ್ವಾ ಮತ್ತೆ."

"ಹೊಸ ಪ್ಲಾಂಟಿಗೆ ನಮ್ಮ ಡಿಪಾರ್ಟ್‌ಮೆಂಟಿಂದ ನಾಲ್ಕು ಜನಾನ ತಗೋತಾರಂತೆ. ಈಗ ಒಂಬತ್ತು ಜನ ಇದೀವಿ. ಲಿಸ್ಟು ಏಪ್ರಿಲ್ ಕೊನೇಲಿ ಬರುತ್ತೆ ಅಂದ್ರು."

"ಅದಕ್ಕೂ ಇದಕ್ಕೂ ಏನೋ ಸಂಬಂಧ?"

"ನಾನೆಲ್ಲಿ ಸಂಬಂಧ ಇದೆ ಅಂದೆ? ಅವ್ರು ಹೇಳಿದ್ದು ಹೇಳಿದೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ವಿನಾಯಕ ಮೊದಲಿನಿಂದಲೂ ಗಟ್ಟಿಗ. ಪರ್ಸನಲ್ ವಿಭಾಗ ಸೇರಿದ ಮೇಲೆ ಅದಕ್ಕೆ ಸಂಬಳವೂ ಬರುತ್ತಿತ್ತು.

"ಬಾಯಿ ಬಿಟ್ಟು ಹೇಳೋ," ಎಂದರು ಕರಿಬಸಪ್ಪ. "ರೀಲು ಕೊಡಬೇಡ ಅಂತೀಯ?"

"ನೀವ್ ಏನಾದ್ರೂ ಮಾಡ್ಕೊಳ್ಳಿ ಅಪ್ಪಾಜಿ. ಆದ್ರೆ ಸೌಮ್ಯಾಗೆ ಈಗ ಐದು ತಿಂಗ್ಳು. ಹೆರಿಗೆ ಹೊತ್ತಿಗೆ ನಾನು ಮನೇಲಿ ಕೂತಿದ್ರೆ ನಿಮ್ಮ ಪೆನ್ಷನ್ ಅದೆಷ್ಟು ಬರುತ್ತೋ ಅದ್ರಲ್ಲೇ ಆಗ್ಬೇಕು, ಅಷ್ಟೆ."

"ಮರೆಪ್ಪ ಹದಿನಾಲ್ಕು ವರ್ಷ ನನ್ನ ಕೈಕೆಳಗೆ ಮಿಷನ್ ಓಡಿಸಿದ್ದಾನೆ. ಸುಳ್ಳಾ?"

"ನಾನು ಸುಳ್ಳು ಅಂದ್ನಾ?"

"ಮತ್ತೆ ಆಫೀಸಲ್ಲಿ ಎಂಬತ್ತೊಂಬತ್ತು ಅಂತ ಟೈಪ್ ಮಾಡಿದವನು ಯಾರು?"

ವಿನಾಯಕ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಸೌಮ್ಯಾ ಗಂಡನ ತಟ್ಟೆ ನೋಡಿ, ಮಾವನ ಮುಖ ನೋಡಿ, ತನ್ನ ರೊಟ್ಟಿ ಮುಗಿಸಿದಳು. ಮಹಾಂತಮ್ಮ ಏನೂ ಮಾತಾಡಲಿಲ್ಲ. ಮಾತಾಡುವ ಮಹಾಂತಮ್ಮನಿಗೆ ಆ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಸುಮ್ಮನಿರುವಾಗ ಹೆದರಬೇಕಿತ್ತು.

ಹಿಯರಿಂಗ್ ಏಪ್ರಿಲ್ ಇಪ್ಪತ್ತೊಂದಕ್ಕೆ ಎಂದು ಗೊತ್ತಾಯಿತು. ಕೋರ್ಟಿನಲ್ಲಿ ಕಂಬಳಿ ಕಟ್ಟಲು ಆಗುವುದಿಲ್ಲ, ರೀಲು ಕೊಟ್ಟರೆ ಗಾಂಧಿನಗರದ ಸ್ಟುಡಿಯೋದಲ್ಲಿ ವೀಡಿಯೋ ಕ್ಯಾಸೆಟ್ಟಿಗೆ ಇಳಿಸುತ್ತೇನೆ, ಒಂದೇ ದಿನದ ಕೆಲಸ ಎಂದು ಆಂಜಿನಪ್ಪ ಹೇಳಿ ಕಳಿಸಿದರು. ಕೇಳಲು ಮರೆಪ್ಪ ಬಂದ.

"ಸ್ಟುಡಿಯೋದವ್ರ ಕೈಗೆ ಕೊಡೋದಾ?" ಎಂದರು ಕರಿಬಸಪ್ಪ. "ಅವ್ರಿಗೆ ಇದನ್ನ ಹಿಡಿಯೋಕೇ ಬರಲ್ಲ ಕಣೋ. ಅಂಚಿನ ತೂತು ಎರಡು ಕಡೆ ಹರಿದಿದಾವೆ. ಹಂಗೇ ಓಡ್ಸಿದ್ರೆ ನಿನ್ನ ಮುಖದ ಹತ್ರಾನೇ ತುಂಡಾಗುತ್ತೆ. ನಾನು ರಿಪೇರಿ ಮಾಡಿ ಕೊಡ್ತೀನಿ. ಒಂದು ವಾರ ಬಿಟ್ಟು ಬಾ."

ಮರೆಪ್ಪ ಒಂದು ವಾರ ಬಿಟ್ಟು ಬಂದ. ಅಂಟಿಸುವ ಟೇಪು ಸಿಕ್ಕಿರಲಿಲ್ಲ. ಮತ್ತೆ ನಾಲ್ಕು ದಿನ ಬಿಟ್ಟು ಬಂದ. ಟೇಪು ಸಿಕ್ಕಿತ್ತು, ಆದರೆ ಪ್ರೊಜೆಕ್ಟರಿನ ಬೆಲ್ಟು ಸಡಿಲವಾಗಿತ್ತು, ಓಡಿಸಿ ನೋಡದೆ ಕೊಡುವಂತಿರಲಿಲ್ಲ. ಬಂದಾಗಲೆಲ್ಲ ಮಹಾಂತಮ್ಮ ಚಹಾ ಕೊಟ್ಟರು. ಬಂದಾಗಲೆಲ್ಲ ಅವನು ಲೋಟ ತೊಳೆದು ಕವುಚಿಟ್ಟು ಹೋದ.

"ಅತ್ತೆ, ಮಾವ ಯಾಕೆ ಹಿಂಗೆ ಎಳೀತಿದಾರೆ?" ಎಂದು ಸೌಮ್ಯಾ ಒಂದು ದಿನ ಹಪ್ಪಳ ಲಟ್ಟಿಸುತ್ತ ಕೇಳಿದಳು. "ಆ ಹರಿದಿದ್ದು ಅವ್ರಿಗೆ ಹತ್ತು ನಿಮಿಷದ ಕೆಲಸ. ನನ್ನೆದುರೇ ಎಷ್ಟು ಅಂಟಿಸಿದಾರೆ."

"ಗಂಡಸರಿಗೆ ಮಾತು ಕೊಡೋದು ಸುಲಭ ಕಣವ್ವ," ಎಂದರು ಮಹಾಂತಮ್ಮ. "ಆಮೇಲೆ ಅದನ್ನ ಮೈಮೇಲಿಂದ ಇಳಿಸೋಕೆ ಯಾರಾದ್ರೂ ಬೇಕಾಗ್ತಾರೆ."

*

ಏಪ್ರಿಲ್ ಹದಿನೇಳು, ಗುರುವಾರ. ಕರಿಬಸಪ್ಪನವರು ಬೆಲ್ಟು ಹುಡುಕಿಕೊಂಡು ಎಸ್.ಪಿ. ರೋಡಿಗೆ ಹೋಗಿದ್ದರು. ಎರಡು ಬಸ್ಸು ಬದಲಾಯಿಸಿ, ಬೆವರಿ, ಮಧ್ಯಾಹ್ನ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅಟ್ಟದ ಮುಂದಿನ ಸಾಲಿನಲ್ಲಿ ಒಂದು ಡಬ್ಬಿ ಬಾಯಿ ತೆರೆದು ಕೂತಿತ್ತು. ಅವರು ಮಹಡಿಯ ಮೆಟ್ಟಿಲು ಹತ್ತಿದರು.

ಟೆರೇಸಿನಲ್ಲಿ ಹಳೆಯ ಸೀರೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಮಹಾಂತಮ್ಮ ಕಾಗೆ ಓಡಿಸಲು ಕೋಲು ಹಿಡಿದು ನೆರಳಲ್ಲಿ ಕೂತಿದ್ದರು. ಬಟ್ಟೆ ಒಣಹಾಕುವ ತಂತಿಯ ಮೇಲೆ, ಸೌಮ್ಯಾಳ ನೈಟಿಗೂ ವಿನಾಯಕನ ಅಂಗಿಗೂ ನಡುವೆ, ಸಣ್ಣ ಪಟ್ಟಿಯೊಂದು ಸುರುಳಿ ಸುರುಳಿಯಾಗಿ ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿತ್ತು. ಅದರೊಳಗಿಂದ ಆಚೆಯ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಾಣುತ್ತಿತ್ತು.

ಕರಿಬಸಪ್ಪನವರು ಒಂದು ತುದಿ ಹಿಡಿದು ಸೂರ್ಯನಿಗೆ ಎತ್ತಿ ನೋಡಿದರು. ಇನ್ನೊಂದು ಮೊಳ ಎಳೆದು ನೋಡಿದರು. ಸ್ಲೇಟು ಇಲ್ಲ, ಮಿಷನ್ನು ಇಲ್ಲ, ಹುಡುಗ ಇಲ್ಲ.

"ಹುಳಿ ವಾಸನೆ ಹೊಡೀತಿತ್ತು," ಎಂದರು ಮಹಾಂತಮ್ಮ ಕೂತಲ್ಲಿಂದಲೇ. "ಹಳೇ ಫಿಲಂ ಅಲ್ವಾ. ಬಸುರಿ ಹುಡುಗಿಗೆ ವಾಂತಿ ಬರೋ ಹಂಗಾಗ್ತಿತ್ತು. ಅದಕ್ಕೆ ತೊಳೆದು ಬಿಸಿಲಿಗೆ ಹಾಕಿದೆ. ಬೇಳೆ ಹಾಕಲ್ವಾ, ಹಂಗೆ."

ಅವರು ಪಟ್ಟಿಯನ್ನು ಬೆರಳಿಂದ ಉಜ್ಜಿದರು. ಮೂವತ್ತು ವರ್ಷ ಕಬ್ಬಿಣ ಮುಟ್ಟಿದ ಬೆರಳು, ನುಣುಪು ಯಾವುದು ಒರಟು ಯಾವುದು ಎಂದು ತಿಳಿಯದ್ದಲ್ಲ.

"ಸೋಡಾ ಹಾಕಿದ್ದೀಯ," ಎಂದರು.

"ಹಾಕಿದೆ."

"ಮಾಂತೀ, ನಿನಗೆ ಗೊತ್ತಿತ್ತು."

"ನನಗಲ್ಲದೆ ಇನ್ಯಾರಿಗೆ ಗೊತ್ತಿರ್ತೈತೆ? ಮೂವತ್ತು ವರ್ಷ ಒರೆಸಿ ಇಟ್ಟಿದ್ದೀನಿ." ಕಾಗೆಯೊಂದು ಇಳಿಯಿತು. ಅವರು ಕೋಲು ಎತ್ತಿ ಓಡಿಸಿದರು. "ಒಂದು ಮಾತು ಹೇಳ್ರಿ. ಮೂರು ವಾರದಿಂದ ಬೆಲ್ಟು ಅಂತೀರಿ, ಟೇಪು ಅಂತೀರಿ. ಕೊಡೋ ಮನಸ್ಸಿದ್ದೋರು ಹಂಗೆ ಮಾಡ್ತಾರಾ? ಕೊಡಲ್ಲ ಅನ್ನೋಕೂ ಬಾಯಿಲ್ಲ, ಕೊಡೋಕೂ ಕೈ ಬರಲಿಲ್ಲ. ನೀವು ಮಾಡಬೇಕಾಗಿದ್ದನ್ನ ನಾನು ಮಾಡಿದ್ದೀನಿ. ಪಾಪ ನನ್ನ ತಲೆಗೆ ಇರ್ಲಿ. ನನ್ನ ಮಗನ ಅನ್ನ ಉಳೀಲಿ."

"ಅವನ ಅನ್ನ?"

"ಯಾರದ್ದು?"

"ಮರೆಪ್ಪಂದು."

ಮಹಾಂತಮ್ಮ ಸಂಡಿಗೆಯನ್ನು ಒಂದೊಂದಾಗಿ ಮಗುಚಿ ಹಾಕತೊಡಗಿದರು. "ಅದನ್ನ ದೇವರು ನೋಡ್ಕೋತಾನೆ," ಎಂದರು.

ಕರಿಬಸಪ್ಪನವರಿಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಆದರೆ ಸಿಟ್ಟಿನ ಜೊತೆಗೇ, ಅದರ ಬೆನ್ನ ಹಿಂದೆ, ಇನ್ನೊಂದು ಬಂತು. ಸಮಾಧಾನ. ಹೊರೆ ಇಳಿದವನಿಗೆ ಆಗುವಂಥದ್ದು. ಆ ಸಮಾಧಾನಕ್ಕೆ ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಅಸಹ್ಯವಾದರೂ ಅದು ಹೋಗಲಿಲ್ಲ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಅವರು ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಕೆಳಗಿಳಿದರು.

ಮೆಟ್ಟಿಲ ಕೆಳಗೆ ಸೌಮ್ಯಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಾವನಿಗೆ ದಾರಿ ಬಿಟ್ಟು, ಮೇಲೆ ಹೋಗಿ ಅತ್ತೆಯ ಎದುರು ನಿಂತಳು.

"ನನಗೆ ವಾಸನೆ ಬರುತ್ತೆ ಅಂತ ನಾನು ಯಾವತ್ತು ಹೇಳಿದೆ ಅತ್ತೆ?"

"ಹೇಳದಿದ್ರೂ ನಮಗೆ ಗೊತ್ತಾಗಲ್ವಾ?"

"ನನ್ನ ಹೆಸರು ಯಾಕೆ ಎತ್ತಿದ್ರಿ? ನನ್ನ ಹೊಟ್ಟೇಲಿರೋ ಮಗು ಹೆಸರಲ್ಲಿ ಯಾಕೆ ಮಾಡಿದ್ರಿ?"

"ಆ ಮಗೂಗೋಸ್ಕರಾನೇ ಮಾಡಿದ್ದು ಕಣೇ," ಎಂದರು ಮಹಾಂತಮ್ಮ. "ನಾಳೆ ಅದಕ್ಕೆ ಹಾಲು ಬೇಕಾದಾಗ ನೀನೇ ನನ್ನ ನೆನೆಸ್ಕೋತೀಯ. ಹೋಗು, ಬಿಸಿಲಲ್ಲಿ ನಿಲ್ಲಬೇಡ."

ಸಂಜೆ ವಿನಾಯಕ ಬಂದ. ಸಂಗತಿ ಕೇಳಿ, "ಅಯ್ಯೋ, ಅಮ್ಮಂಗೆ ಗೊತ್ತಾಗ್ಲಿಲ್ಲ ಅನ್ಸುತ್ತೆ," ಎಂದ. ಯಾರೂ ಅವನಿಗೆ ಆ ಮಾತನ್ನು ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಬಂತು. ಅಂದು ಅವನು ಮೂರು ರೊಟ್ಟಿ ತಿಂದ.

*

ಭಾನುವಾರ ಮಧ್ಯಾಹ್ನ ಮರೆಪ್ಪ, ಹನುಮವ್ವ ಇಬ್ಬರೂ ಬಂದರು. ಮರೆಪ್ಪ ಒಗೆದ ಬಿಳಿ ಅಂಗಿ ಹಾಕಿದ್ದ. ಹನುಮವ್ವ ಊರಿಂದ ಬಂದ ಶೇಂಗಾ ಒಂದು ಸೇರು ತಂದಿದ್ದಳು. ಅಂದು ಕಿಟಕಿಗೆ ಕಂಬಳಿ ಕಟ್ಟಿರಲಿಲ್ಲ. ನಡುಮನೆಯ ತುಂಬ ಬೆಳಕಿತ್ತು.

ಕರಿಬಸಪ್ಪನವರು ಬೋಳು ಪಟ್ಟಿಯನ್ನು ಅವರ ಮುಂದಿಟ್ಟರು.

"ಅವಳಿಗೆ ಗೊತ್ತಾಗಲಿಲ್ಲ ಕಣಪ್ಪಾ," ಎಂದರು. "ಹುಳಿ ವಾಸನೆ ಬರುತ್ತೆ ಅಂತ ತೊಳೆದು ಬಿಸಿಲಿಗೆ ಹಾಕಿಬಿಟ್ಟಿದ್ದಾಳೆ. ಹಳ್ಳೀ ಹೆಂಗಸು. ಏನ್ ಮಾಡೋದು."

ಮಹಾಂತಮ್ಮ ಮಂಡಕ್ಕಿಯ ತಟ್ಟೆ ತಂದು ಇಟ್ಟರು. ತಮ್ಮನ್ನು ಹಳ್ಳಿ ಹೆಂಗಸು ಎಂದದ್ದು ಕೇಳಿಸಿತು. ಬಂದವರಿಬ್ಬರಿಗೂ ಚಹಾ ಕೊಟ್ಟು, ಉಳಿದ ಲೋಟ ಜೋಡಿಸತೊಡಗಿದರು. ವಿನಾಯಕ ಒಳಕೋಣೆಯ ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದ.

ಮರೆಪ್ಪ ಪಟ್ಟಿಯನ್ನು ಮುಟ್ಟಲಿಲ್ಲ. ಹನುಮವ್ವ ಕೈಗೆತ್ತಿಕೊಂಡಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬೆರಳು ಎಳೆದಳು. ದಿನಕ್ಕೆ ಇಪ್ಪತ್ತು ಕೇಜಿ ತೊಳೆಯುವ ಹೆಬ್ಬೆರಳು.

"ಚಲೋ ತೊಳದೀರಿ ಅಮ್ಮ," ಎಂದಳು. "ಅಂಚಿನಾಗೂ ಒಂದು ಕಲಿ ಉಳಿದಿಲ್ಲ. ನಾನು ಹೇಳಿದಷ್ಟ ಹೊತ್ತು ನೆನಿ ಇಟ್ಟೀರಿ."

ಮಹಾಂತಮ್ಮ ಲೋಟಗಳನ್ನು ಜೋಡಿಸುತ್ತಿದ್ದರು. ಅವರ ಕೈ ಒಂದು ಗಳಿಗೆ ನಿಂತು, ಮತ್ತೆ ಜೋಡಿಸಿತು.

ಮರೆಪ್ಪನಿಗೆ ಅದು ಅರ್ಥವಾಯಿತೋ ಇಲ್ಲವೋ. ಅವನು ಕರಿಬಸಪ್ಪನವರ ಕಡೆಗೇ ನೋಡುತ್ತಿದ್ದ.

"ಹೋದ್ರ ಹೋಗ್ಲಿ ಬಿಡ್ರಿ ಸಾಹೇಬ್ರ," ಎಂದ. "ಫಿಲಂ ಹೋದ್ರ ಏನಾತು. ಅದನ್ನ ತೆಗೆದವ್ರು ನೀವು ಅದೀರಲ್ರಿ. ನಾಳೆ ಕೋರ್ಟಿಗಿ ಬಂದು ನಾನು ನೋಡೀನಿ ಅಂತ ಒಂದು ಮಾತು ಹೇಳ್ರಿ. ಸಾಕು ನನಗ."

ಇದನ್ನು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಪಟ್ಟಿ ತೊಳೆದರೆ ಎಲ್ಲ ತೊಳೆದ ಹಾಗೆ ಎಂದುಕೊಂಡಿದ್ದರು. ಬಾಗಿಲಲ್ಲಿ ಪೇಪರ್ ಮಡಚಿದ ಸದ್ದಾಯಿತು.

"ಬಾಯಿಮಾತಿಗೆ ಕೋರ್ಟಲ್ಲಿ ಬೆಲೆ ಇಲ್ಲ ಕಣೋ ಮರೆಪ್ಪ," ಎಂದರು ಕರಿಬಸಪ್ಪ.

"ಇಲ್ಲಂದ್ರ ಇಲ್ಲ. ನೀವು ಹೇಳ್ರಿ. ಅವ್ರು ಬಿಟ್ರ ಬಿಡ್ಲಿ."

"ನನ್ನ ಬೆನ್ನುನೋವು ಬೇರೆ ಜಾಸ್ತಿ ಆಗಿದೆ. ಬಸ್ಸಲ್ಲಿ ಕೂರೋಕಾಗ್ತಿಲ್ಲ."

"ಆಟೋ ತರ್ತೀನ್ರಿ."

ಕರಿಬಸಪ್ಪನವರು ಮಂಡಕ್ಕಿಯ ತಟ್ಟೆಯನ್ನು ಅವನ ಕಡೆ ಸರಿಸಿದರು. "ತಗೋ, ತಿನ್ನು. ಆಮೇಲೆ ಮಾತಾಡೋಣ."

"ನೀವು ನನ್ನ ನೋಡಿಲ್ಲೇನ್ರಿ ಸಾಹೇಬ್ರ?" ಎಂದ ಮರೆಪ್ಪ. ದನಿ ಏರಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. "ಏಳನೇ ನಂಬರ್ ಮ್ಯಾಲ ಹದಿನೆಂಟು ವರ್ಷ ನಿಂತಿದ್ದೆ. ನಿಮ್ಮ ಟೇಬಲ್ಲಿನ ಎದುರಿಗೇ ಇತ್ತಲ್ರಿ ಅದು."

ಅಡುಗೆಮನೆಯಲ್ಲಿ ಎಣ್ಣೆ ಕಾಯ್ದು ಹೊಗೆಯಾಡುತ್ತಿತ್ತು, ಆರಿಸಲು ಯಾರೂ ಏಳಲಿಲ್ಲ. ಕೊನೆಗೆ ಸೌಮ್ಯಾ ಹೋಗಿ ಒಲೆ ಆರಿಸಿದಳು. ಮರೆಪ್ಪ ಎದ್ದ. ಅಭ್ಯಾಸದಂತೆ ತನ್ನ ಲೋಟ ತೊಳೆಯಲು ಎತ್ತಿಕೊಂಡ. ಹನುಮವ್ವ ಅದನ್ನು ಅವನ ಕೈಯಿಂದ ತೆಗೆದು ಎಂಜಲಾಗಿಯೇ ನೆಲದ ಮೇಲಿಟ್ಟಳು. ಮಂಡಕ್ಕಿಯನ್ನು ಇಬ್ಬರೂ ಮುಟ್ಟಲಿಲ್ಲ. ಶೇಂಗಾದ ಗಂಟು ಮಾತ್ರ ತಂದಲ್ಲೇ ಉಳಿಯಿತು. ಕೊಟ್ಟದ್ದನ್ನು ವಾಪಸು ಒಯ್ಯುವುದು ಅವರ ಕಡೆ ಪದ್ಧತಿಯಲ್ಲ.

*

ಕರಿಬಸಪ್ಪನವರು ಕೋರ್ಟಿಗೆ ಹೋಗಲಿಲ್ಲ. ಬೆನ್ನುನೋವು ಎಂದವರು ಮೂರು ದಿನ ಮಲಗಿಯೇ ಇದ್ದರು, ಸುಳ್ಳನ್ನು ನಿಜ ಮಾಡಲು. ಬೇರೆಯವರ ಕೇಸು ವರ್ಷಗಟ್ಟಲೆ ಎಳೆಯುತ್ತವೆ. ಮರೆಪ್ಪನದು ದಾಖಲೆ ಇಲ್ಲವೆಂದು ಮೇ ತಿಂಗಳಲ್ಲೇ ವಜಾ ಆಯಿತು. ಆ ಆದೇಶದ ಪ್ರತಿಗೂ ವಿನಾಯಕನೇ ನಂಬರ್ ಹಾಕಿದ. ಹೊಸ ಪ್ಲಾಂಟಿನ ಪಟ್ಟಿಯಲ್ಲಿ ಅವನ ಹೆಸರು ಎರಡನೆಯದು. ಪಟ್ಟಿ ಬಂದ ದಿನ ಮಹಾಂತಮ್ಮ ಹೋಳಿಗೆ ಮಾಡಿದರು. ಸೌಮ್ಯಾ ಹೊಟ್ಟೆ ಸರಿಯಿಲ್ಲ ಎಂದು ಬರೀ ಮಜ್ಜಿಗೆ ಕುಡಿದಳು. ಹೆರಿಗೆಗೆ ಇನ್ನೂ ಸಮಯವಿದ್ದರೂ ಮರುವಾರವೇ ತವರಿಗೆ ಹೊರಟಳು.

ಭಾನುವಾರದ ಆಟ ನಿಂತಿತ್ತು. ಯಾಕೆ ಎಂದು ಅಕ್ಕಪಕ್ಕದವರು ಕೇಳಲೂ ಇಲ್ಲ. ಜೂನ್ ಬಂದಾಗ ಕರಿಬಸಪ್ಪನವರಿಗೆ ಕೈ ಕಡಿಯತೊಡಗಿತು. ಹುಚ್ಚು ಎಂಬುದು ನಾಚಿಕೆಗಿಂತ ದೊಡ್ಡದು. ಒಂದು ಬೆಳಿಗ್ಗೆ ಚೀಲ ಹಿಡಿದು ಆವಲಪ್ಪನ ಗುಜರಿಗೆ ಹೋದರು.

ಹನುಮವ್ವ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೊಣಕೈವರೆಗೂ ಕೈ ನೀರಿನಲ್ಲಿತ್ತು. ಅವರನ್ನು ನೋಡಿ ಎದ್ದು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಚೆನ್ನಾಗಿದ್ದೀಯೇನಮ್ಮ?"

"ಹೂಂನ್ರಿ."

"ಮರೆಪ್ಪ ಎಲ್ಲಿ?"

"ಬ್ರೂಕ್‌ಫೀಲ್ಡ್ ಕಡಿ ಬಿಲ್ಡಿಂಗ್ ಏಳಾಕತ್ತಾವಲ್ರಿ, ಅಲ್ಲಿ ಇಟ್ಟಂಗಿ ಹೊರಾಕ ಹೋಗ್ಯಾರ. ಹದಿನೈದು ದಿನಕ್ಕೊಮ್ಮಿ ಬರ್ತಾರ."

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಗೋಣಿಯ ಕಡೆ ಕಣ್ಣು ಹೋಯಿತು. ಕೇಳಬಾರದು ಎಂದುಕೊಂಡೇ ಕೇಳಿದರು.

"ನನಗೆ ಅಂತ ಡಬ್ಬಿ ಏನಾದ್ರೂ ಎತ್ತಿಟ್ಟಿದ್ದೀಯಾ?"

"ಬಂದಿದ್ವು ಸಾಹೇಬ್ರ. ದೊಡ್ಡ ದೊಡ್ಡ ಡಬ್ಬಿ, ಒಂಬತ್ತು." ಹನುಮವ್ವ ಒದ್ದೆ ಕೈಯಿಂದ ಬೇಲಿಯ ಕಡೆ ತೋರಿಸಿದಳು. ಬೇಲಿಯ ಉದ್ದಕ್ಕೂ ಬೋಳು ಪಟ್ಟಿಗಳು ಬಿಸಿಲಿಗೆ ನೇತಾಡುತ್ತಿದ್ದವು. "ಭಾಳ ಹುಳಿ ವಾಸನಿ ಹೊಡೀತಿದ್ವು. ತೊಳದು ಬಿಸಲಿಗಿ ಹಾಕೀನಿ."

ಕರಿಬಸಪ್ಪನವರು ನಿಂತೇ ಇದ್ದರು. ಅವಳು ಕಾಲ ಬಳಿಯಿದ್ದ ಖಾಲಿ ಡಬ್ಬಿಗಳನ್ನು ಅವರತ್ತ ನೂಕಿದಳು.

"ಬೇಕಾದ್ರ ಡಬ್ಬಿ ಒಯ್ರಿ," ಎಂದಳು. "ಅಮ್ಮಾರಿಗಿ ಸಂಡಿಗಿ ತುಂಬಿಡಾಕ ಬರ್ತಾವ."